ಎಕ್ಸ್220ಕ್ಕ ಎಎಕ್ಸ್210 ತರಿಸಬ್ಯಾಡ್ರಿ, ಮೊದ್ಲು ಹಳೇ ಕಾರ್ಡಿನ ಲೇಬಲ್ ಓದ್ರಿ

ನೀವು ತರಿಸಿದ ವೈಫೈ ಕಾರ್ಡಿನ ಪಾರ್ಸಲ್ ಇನ್ನೂ ಹೊರಟಿಲ್ಲ ಅಂದ್ರ ಆರ್ಡರ್ ಕ್ಯಾನ್ಸಲ್ ಮಾಡ್ರಿ. ಥಿಂಕ್‌ಪ್ಯಾಡ್ ಎಕ್ಸ್220 (ಲೆನೊವೊದ ಹಳೇ ಲ್ಯಾಪ್‌ಟಾಪ್)ಕ್ಕ ಇಂಟೆಲ್ ಎಎಕ್ಸ್210 ವೈಫೈ ಕಾರ್ಡು, ಜೊತಿಗೆ ಎಂ.2 ನಮೂನಿ ಹೊಸ ಕಾರ್ಡು ಮಿನಿ ಪಿಸಿಐಇ ಅನ್ನೂ ಹಳೇ ಸ್ಲಾಟಿಗೆ ಕೂಡ್ರಿಸೂ ಅಡಾಪ್ಟರ್ ಹಾಕಿದ್ರ ವೈಫೈ ಜೋರಾಗ್ತೈತಾ ಅಂತ ಕೇಳೀರಿ. ಬಯಾಸ್ (ಮಷೀನ್ ಚಾಲೂ ಮಾಡಿದಾಗ ಮೊದ್ಲು ಓಡೂ ಸಾಫ್ಟ್‌ವೇರ್) ತಿದ್ದದ ಮಷೀನ್ ಇದ್ರ ಕಾಣೂದು ವೈಫೈ ಅಲ್ಲ, ಕಪ್ಪು ಸ್ಕ್ರೀನ್ ಮ್ಯಾಲ 1802 ಎರರ್. ಕಾರ್ಡು ತೆಗದು ಹಾಕೂತನ ಬೂಟ್ ಮುಂದ ಹೋಗಂಗಿಲ್ಲ. ನಿಮ್ಮ ಪ್ರಶ್ನೆಗೆ ಮ್ಯಾಲ ಒಬ್ರು "ಹೊಸ ಡ್ರೈವರ್ ಹಾಕ್ರಿ, ಸರಿ ಆಗ್ತೈತಿ" ಅಂದಾರ. ವಿಂಡೋಸ್ ಬಾಗಿಲಿಗೇ ಮುಟ್ಟದ ಮಷೀನಿಗೆ ಡ್ರೈವರ್ ಎಲ್ಲಿಂದ ಹಾಕ್ತೀರಪ್ಪಾ?

ಈ ವೈಟ್‌ಲಿಸ್ಟ್ ಅಂದ್ರ ಬಯಾಸ್ ಒಪ್ಪೂ ಕಾರ್ಡುಗಳ ಪಟ್ಟಿ, ಅದು ಬರೀ ಚಿಪ್ ಯಾವ್ದು ಅಂತ ನೋಡಿ ಬಿಡಂಗಿಲ್ಲ. ಸಬ್‌ಸಿಸ್ಟಮ್ ಐಡಿನೂ (ಕಾರ್ಡು ಯಾವ ಕಂಪನಿ ಹೆಸರಿಂದು ಅನ್ನೂ ನಂಬರ್) ನೋಡ್ತೈತಿ. ಅದಕ್ಕ "ನಂದೂ ಇಂಟೆಲ್ 6205, ನಿಂದೂ ಇಂಟೆಲ್ 6205, ನಂದು ಯಾಕ ಓಡಂಗಿಲ್ಲ" ಅನ್ನೂ ಜಗಳ ಮುಗಿಯೂದೇ ಇಲ್ಲ. ಎಚ್‌ಪಿ ಲ್ಯಾಪ್‌ಟಾಪಿಂದ ಕಿತ್ತ 6205, ಚಿಲ್ಲರೆ ಡಬ್ಬಿಯೊಳಗ ಬಂದ 6205, ಲೆನೊವೊ ಹೆಸರಿನ 6205, ಈ ಮೂರೂ ಬಯಾಸ್ ಕಣ್ಣಿಗೆ ಬ್ಯಾರೆ ಬ್ಯಾರೆ. ನಿಮಗ ಬೇಕಾದ್ದು ಎಎಕ್ಸ್210 ಅಲ್ಲ, ಈ 6205 ವೈಫೈ ಕಾರ್ಡು, ಅದೂ ಲೇಬಲ್ ಮ್ಯಾಲ ಎಫ್‌ಆರ್‌ಯು (ಲೆನೊವೊದ ಬಿಡಿಭಾಗದ ನಂಬರ್) 60ವೈ3253 ಅಂತ ಛಾಪಿಸಿದ್ದು. ಅಂಗಡ್ಯಾವ "ಎಲ್ಲಾ ಒಂದೇ ಸಾರ್" ಅಂದ್ರ ನಂಬಬ್ಯಾಡ್ರಿ. ಲೇಬಲ್ ಫೋಟೋ ವಾಟ್ಸಾಪ್‌ಗೆ ಹಾಕಿಸ್ಕೊಂಡು, ನಂಬರ್ ಓದಿ, ಆಮ್ಯಾಲ ರೊಕ್ಕ ಕೊಡ್ರಿ. ಲೇಬಲ್ ಕಿತ್ತ ಕಾರ್ಡು ಪುಕ್ಕಟೆ ಕೊಟ್ರೂ ಬ್ಯಾಡ. ರಾಯಚೂರು ಕಡಿಯವರಿಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಹತ್ರ, ಕೊಪ್ಪಳ ಬಳ್ಳಾರಿಯವರು ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡ್ ನೋಡ್ರಿ. ಸೆಕೆಂಡ್ ಹ್ಯಾಂಡ್ ಇದ್ರ ಸಾಕು, ಇದಕ್ಕ ಹೊಸದು ಹುಡುಕೂದು ದಂಡ.

ನೀವು ಬರದದ್ದು ನೋಡಿದ್ರ ನಿಮ್ಮದ್ರಾಗ ಇರೂದು "ಥಿಂಕ್‌ಪ್ಯಾಡ್ ಬಿ/ಜಿ/ಎನ್", ಅಂದ್ರ ರಿಯಲ್‌ಟೆಕ್ 8188ಸಿಇ. ಅದು 2.4 ಗಿಗಾಹರ್ಟ್ಸ್ ಅಷ್ಟೇ, ಡೇಟಾ ಹೋಗೂ ದಾರಿ (ಸ್ಟ್ರೀಮ್) ಒಂದೇ, 150 ಎಂಬಿಪಿಎಸ್ ಅನ್ನೂದು ಕಾಗದದ ಮ್ಯಾಲಿನ ಲೆಕ್ಕ. ಗಂಗಾವತಿ ಪ್ಯಾಟಿಯೊಳಗ ಮಗ್ಗುಲ ಮನಿ ರೂಟರ್‌ಗಳೆಲ್ಲಾ ಅದೇ ಬ್ಯಾಂಡ್ ಮ್ಯಾಲ ಕುಂತಿರುವಾಗ ಸ್ಪೀಡ್ ಎಲ್ಲಿಂದ ಬರಬೇಕು? 6205ಕ್ಕ 5 ಗಿಗಾಹರ್ಟ್ಸ್ ಐತಿ, ಎರಡು ಸ್ಟ್ರೀಮ್, 300 ಎಂಬಿಪಿಎಸ್. ವೈಫೈ 6 ಅಲ್ಲ, ಖರೆ. ಆದ್ರ ನಿಮ್ಮ 100 ಎಂಬಿಪಿಎಸ್ ಫೈಬರ್ ಪ್ಲಾನಿಗೆ ಇಷ್ಟು ಸಾಕು.

ಬದಲಿ ಮಾಡೂವಾಗ ಬ್ಯಾಟರಿ ಮೊದ್ಲು ಹೊರಗ. ಕೆಳಗಡೆ ಕೀಬೋರ್ಡ್ ಚಿತ್ರ, ಟಚ್‌ಪ್ಯಾಡ್ ಚಿತ್ರ ಇರೂ ಸ್ಕ್ರೂ ಬಿಚ್ರಿ, ಕೀಬೋರ್ಡ್ ತೆಗೀರಿ, ಆಮ್ಯಾಲ ಪಾಮ್‌ರೆಸ್ಟ್. ಅದನ್ನ ಗಪ್ಪನ ಎಳೀಬ್ಯಾಡ್ರಿ, ಕೆಳಗ ಕೇಬಲ್ ಐತಿ. ಆಂಟೆನಾ ವೈರಿನ ತುದಿಗಿರೂ ಟೊಪ್ಪಿಗಿ ಭಾಳ ನಾಜೂಕು, ಈ ಯು.ಎಫ್ಎಲ್ ಕನೆಕ್ಟರ್‌ಗೆ ಕಂಪನಿಯವರೇ ಬರೆದ ಆಯುಷ್ಯ 30 ಸಲ ಹಾಕಿ ತೆಗೆಯೂದು ಅಷ್ಟೇ. ವೈರ್ ಹಿಡಿದು ಎಳೆಯದೆ, ಟೊಪ್ಪಿಗಿ ಅಂಚಿಗೆ ಪ್ಲಾಸ್ಟಿಕ್ ಚೂರು ಕೊಟ್ಟು ನೆಟ್ಟಗ ಮ್ಯಾಲೆತ್ರಿ. ಹಾಕೂವಾಗ ಮೊದ್ಲು ನಡು ಕೂಡಿಸಿ, ಆಮ್ಯಾಲ ಒತ್ರಿ. "ಟಿಕ್" ಅಂತ ಕೇಳಬೇಕು. ವಾರಿ ಒತ್ತಿದ್ರ ನಡುವಿನ ಪಿನ್ ಮಲಗ್ತೈತಿ. ಬೂದು ವೈರ್ ಕಾರ್ಡಿನ ಮೇನ್ ಬಾಯಿಗೆ, ಕಪ್ಪು ಆಕ್ಸ್ ಬಾಯಿಗೆ. ಮೂರನೇ ಬಿಳಿ ವೈರ್ ಇದ್ರ ತುದಿಗೆ ಟೇಪ್ ಸುತ್ತಿ ಬಿಡ್ರಿ, ಬೋರ್ಡಿಗೆ ತಾಗಬಾರದು. ಹೆಂಗೂ ಬಿಚ್ಚೀರಿ, ಫ್ಯಾನಿನ ಧೂಳೂ ತೆಗದುಬಿಡ್ರಿ. ನಮ್ಮ ರೈಸ್ ಮಿಲ್ ಹೊಟ್ಟಿನ ಧೂಳು ಹೀಟ್‌ಸಿಂಕ್ ಮ್ಯಾಲ ಕಂಬಳಿ ಹೊದ್ದಂಗ ಕುಂತಿರ್ತೈತಿ.

ಇನ್ನ ಎಎಕ್ಸ್210ನೇ ಬೇಕು ಅಂತ ಹಟ ಇದ್ರ, ವೈಟ್‌ಲಿಸ್ಟ್ ತೆಗೆದ ಬಯಾಸ್ ಬರೀಬೇಕು. ಸಿಎಚ್341ಎ ಪ್ರೋಗ್ರಾಮರ್ (ಬಯಾಸ್ ಚಿಪ್ ಓದಿ ಬರಿಯೂ ಸಣ್ಣ ಯುಎಸ್‌ಬಿ ಬೋರ್ಡು), ಚಿಪ್ ಹಿಡಿಯೂ ಎಂಟು ಕಾಲಿನ ಕ್ಲಿಪ್ ಬೇಕು. ಎಕ್ಸ್220ದಾಗ ಒಂದೇ 8 ಎಂಬಿ ಬಯಾಸ್ ಚಿಪ್. ಕಪ್ಪು ಬಣ್ಣದ ಅಗ್ಗದ ಸಿಎಚ್341ಎ ಡೇಟಾ ಲೈನಿಗೆ 5 ವೋಲ್ಟ್ ಬಿಡ್ತೈತಿ, ಚಿಪ್ ಇರೂದು 3.3 ವೋಲ್ಟಿನದು, 3.3ಕ್ಕ ತಿದ್ದಿದ್ದು ಇಲ್ಲಾ ಸ್ವಿಚ್ ಇರೂದು ತಗೋರಿ. ಹಳೇ ಬಯಾಸ್ ಎರಡು ಸಲ ಓದಿ, ಎರಡೂ ಫೈಲ್ ಒಂದೇ ಅದಾವಂತ ತಾಳೆ ನೋಡಿದ ಮ್ಯಾಲೇ ಬರೀರಿ. ಬರೆಯೂ ಕೆಲಸ ಬ್ಯಾಟರಿ ಛಲೋ ಇರೂ ಬ್ಯಾರೆ ಲ್ಯಾಪ್‌ಟಾಪಿಂದ ಮಾಡ್ರಿ, ಡೆಸ್ಕ್‌ಟಾಪಿಂದ ಬ್ಯಾಡ. ನಡುವ ಕರೆಂಟ್ ಹೋದ್ರ ಯಾರ್ನ ಬೈತೀರಿ?

ಅಷ್ಟಾದ್ರೂ ಮುಗಿಯಂಗಿಲ್ಲ. ಎಂ.2 ಕಾರ್ಡಿನ ಆಂಟೆನಾ ಬಾಯಿ ಸಣ್ಣದು, ಹಳೇ ಟೊಪ್ಪಿಗಿ ಕೂಡಂಗಿಲ್ಲ. ಅಡಾಪ್ಟರ್ ಜೊತಿಗೆ ಪರಿವರ್ತನೆ ವೈರ್ ಬಂದಾವೇನ ನೋಡ್ರಿ. ಎಎಕ್ಸ್210 ಡ್ರೈವರ್ 64 ಬಿಟ್ ವಿಂಡೋಸ್ 10ರಿಂದ ಮ್ಯಾಲಕ್ಕ ಅಷ್ಟೇ, ಲಿನಕ್ಸ್ ಆದ್ರ ಕರ್ನಲ್ 5.10 ಇಲ್ಲಾ ಹೊಸದು. ಎಎಕ್ಸ್201, ಎಎಕ್ಸ್211 ಅಂತೂ ಮುಟ್ಟಲೇಬ್ಯಾಡ್ರಿ. ಅವು ಸಿಎನ್‌ವಿಐ, ಅಂದ್ರ ಅರ್ಧ ಕೆಲಸ ಮಷೀನಿನ ಚಿಪ್‌ಸೆಟ್ ಮ್ಯಾಲ ಬಿಡೂ ಕಾರ್ಡು, ಹೊಸ ಇಂಟೆಲ್ ಚಿಪ್‌ಸೆಟ್ ಇಲ್ಲದ ಮಷೀನಿಗೆ ಬರೀ ಹಸಿರು ತಗಡು.

ಇಲ್ಲೇ ಸಿಂಧನೂರಿನವರು ಒಬ್ರು ಆಟಮ್ ಎನ್270 ನೆಟ್‌ಬುಕ್ ಬಗ್ಗೆ ಕೇಳ್ಯಾರ. ಅದು 32 ಬಿಟ್, ಎಎಕ್ಸ್ ಸರಣಿಗೆ ವಿಂಡೋಸ್ ಡ್ರೈವರೇ ಇಲ್ಲ. ಬಿಚ್ಚೂ ಗೋಜು ಬ್ಯಾಡಂದ್ರ ಯುಎಸ್‌ಬಿ ಡಾಂಗಲ್, ಆದ್ರ ಪೆಟ್ಟಿಗಿ ಮ್ಯಾಲಿನ ಹೆಸರಲ್ಲ, ಚಿಪ್ ನೋಡ್ರಿ. ಟಿಪಿ-ಲಿಂಕ್ 722ಎನ್ ಮೊದಲ ವರ್ಶನ್ನಿನಾಗ ಅಥೆರಾಸ್, ಎರಡನೇದ್ರಿಂದ ರಿಯಲ್‌ಟೆಕ್, ಡಬ್ಬಿ ಮಾತ್ರ ಅದೇ. ಲಿನಕ್ಸ್‌ನವರಿಗೆ ಮೀಡಿಯಾಟೆಕ್ 7612ಯು ಚಿಪ್ಪಿನ ಡಾಂಗಲ್ ನನ್ನ ಮೊದಲ ಆಯ್ಕೆ, ಡ್ರೈವರ್ ಕರ್ನಲ್ ಒಳಗೇ ಐತಿ. ಮಿನಿ ಪಿಸಿಐಇ ಸ್ಲಾಟಿನ ಹಳೇ ಡೆಲ್ ಲ್ಯಾಟಿಟ್ಯೂಡ್ ಇದ್ದವರಿಗೆ ವೈಟ್‌ಲಿಸ್ಟ್ ಕಾಟ ಇಲ್ಲ, ಸುಮ್ನ ಇಂಟೆಲ್ 7260ಎಚ್‌ಎಂಡಬ್ಲ್ಯು ಎಸಿ ಹಾಕ್ರಿ. ಅದ್ರಾಗ ಬಿಎನ್ ಅನ್ನೂದೂ ಒಂದ್ ಐತಿ, 5 ಗಿಗಾಹರ್ಟ್ಸ್ ಇರಂಗಿಲ್ಲ, ಲೇಬಲ್ ನೋಡೇ ತಗೋರಿ.

6205 ಹಾಕಿದ ಮ್ಯಾಲೂ ಸ್ಪೀಡ್ 54 ಎಂಬಿಪಿಎಸ್‌ಗೇ ನಿಂತ್ರ ಕಾರ್ಡ್ ಬೈಬ್ಯಾಡ್ರಿ. ರೂಟರ್‌ನಾಗ ಟಿಕೆಐಪಿ ಅನ್ನೂ ಹಳೇ ಭದ್ರತಾ ಸೆಟ್ಟಿಂಗ್ ಇರ್ತೈತಿ, ಅದನ್ನ ಡಬ್ಲ್ಯುಪಿಎ2 ಎಇಎಸ್ ಮಾಡ್ರಿ. 5 ಗಿಗಾಹರ್ಟ್ಸ್ ಚಾನೆಲ್ 36ರಿಂದ 48ರೊಳಗ ಇಡ್ರಿ, ವಿಂಡೋಸ್ ಪವರ್ ಪ್ಲಾನ್‌ನಾಗ ವೈರ್‌ಲೆಸ್ ಅಡಾಪ್ಟರ್ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್‌ಗೆ ಹಾಕ್ರಿ. ಬಿಚ್ಚಿದಾಗ ಹಳೇ ಕಾರ್ಡಿನ ಲೇಬಲ್ ಫೋಟೋ ಇಲ್ಲಿ ಹಾಕ್ರಿ, ಎಫ್‌ಆರ್‌ಯು ನಂಬರ್ ಪೂರ್ತಿ ಕಾಣೂ ಹಂಗ.