ಜೋಡಿ ನಳಿಕೆ ಕೋವಿಯಲ್ಲಿ ಕಾಡತೂಸು ಸಿಕ್ಕಿಕೊಂಡರೆ: ಹೊಳಲ್ಕೆರೆಯವರ ಪ್ರಶ್ನೆಗೆ ಉತ್ತರ

ಹೊಳಲ್ಕೆರೆಯ ಅಣ್ಣನವರಿಗೆ ನಮಸ್ಕಾರ. ಚುನಾವಣೆ ಮುಗಿದ ಮೇಲೆ ಠಾಣೆಯಿಂದ ಬಿಡಿಸಿಕೊಂಡು ಬಂದ ಅಜ್ಜನ ಕಾಲದ 12 ಬೋರ್ ಜೋಡಿ ನಳಿಕೆ, ಮೆಕ್ಕೆಜೋಳಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಹೋದಾಗ ಮೂರು ರೀತಿಯಲ್ಲಿ ಕೈಕೊಟ್ಟಿತು ಎಂದಿದ್ದೀರಿ: ಒಂದು ಕಾಡತೂಸು ಪೂರ್ತಿ ಒಳಗೆ ಕೂರಲಿಲ್ಲ, ಒಂದು ‘ಟಕ್’ ಎಂದಿತೇ ಹೊರತು ಈಡು ಹಾರಲಿಲ್ಲ, ಹಾರಿದ್ದರ ಖಾಲಿ ಕೊಳವೆ ಹೊರಗೆ ಬರಲಿಲ್ಲ. ಕೋವಿಯನ್ನು ದೂರುವ ಮೊದಲು ಆ ಕಾಡತೂಸುಗಳನ್ನು ಕೈಯಲ್ಲಿ ಹಿಡಿದು ನೋಡಿ. ಮುಕ್ಕಾಲು ಪಾಲು ಉತ್ತರ ಅವುಗಳಲ್ಲೇ ಇರುತ್ತದೆ.

ಅದಕ್ಕೂ ಮೊದಲು, ಗುಂಪಿನ ಗೆಳೆಯರೊಬ್ಬರು ಹಾಕಿರುವ ವಿಡಿಯೊ ವಿಚಾರ. ಅದು ಸೆಮಿ ಆಟೋಮ್ಯಾಟಿಕ್ ರೈಫಲ್‌ನದು. ಅಲ್ಲಿ ಈಡು ಹಾರಿದ ರಭಸವೇ ಬೋಲ್ಟನ್ನು (ನಳಿಕೆಯ ಹಿಂಬದಿ ಮುಚ್ಚುವ ಉಕ್ಕಿನ ತುಂಡನ್ನು) ಹಿಂದಕ್ಕೆ ತಳ್ಳಿ, ಖಾಲಿ ಕೊಳವೆಯನ್ನು ಎಸೆದು, ಮ್ಯಾಗಜಿನ್‌ನಿಂದ ಹೊಸ ಗುಂಡನ್ನು ಎತ್ತಿಕೊಳ್ಳುತ್ತದೆ. ಮದ್ದಿನ ಬಲ ಕುಂದಿದ್ದರೆ ಬೋಲ್ಟ್ ಅರ್ಧಕ್ಕೇ ನಿಂತು ಕೊಳವೆ ಬಾಗಿಲಲ್ಲೇ ಸಿಕ್ಕಿಬೀಳುತ್ತದೆ. ಮ್ಯಾಗಜಿನ್ ತಟ್ಟಿ ಬೋಲ್ಟ್ ಎಳೆದು ಮತ್ತೆ ಹೊಡೆಯುವ, ವಿಡಿಯೊದಲ್ಲಿರುವ ಆ ವಿಧಾನ ಎದುರಿಗೆ ಶತ್ರು ಇರುವ ಸೈನಿಕನಿಗಾಗಿ ಇರುವಂಥದ್ದು. ಗುರಿ ಅಭ್ಯಾಸದ ಮೈದಾನದಲ್ಲಿ ಈಡು ಹಾರದಿದ್ದರೆ ಅದೇ ರೈಫಲ್ ಹಿಡಿದವರೂ ಕಾಯಲೇಬೇಕು. ಅದನ್ನು ನೋಡಿ ತಕ್ಷಣ ನಳಿಕೆ ಬಗ್ಗಿಸಿ ಕೋವಿ ತೆರೆಯಲು ಹೋಗಬೇಡಿ.

‘ಟಕ್’ ಎಂದು ಸುಮ್ಮನಾದ ಕಾಡತೂಸು ಸತ್ತಿದೆ ಎಂದು ತಿಳಿಯುವುದೇ ದೊಡ್ಡ ಅಪಾಯ. ಕಾಡತೂಸಿನ ತಳದ ನಡುವೆ ಇದ್ದು, ಪಿನ್ ಬಡಿದಾಗ ಹೊತ್ತಿಕೊಳ್ಳುವ ಕೇಪಿನ ಕಿಡಿ ಮದ್ದಿಗೆ ತಡವಾಗಿ ತಗುಲಿ, ಕೆಲವು ಸೆಕೆಂಡು ಬಿಟ್ಟು ಈಡು ಹಾರುವುದುಂಟು. ಆಗ ಕೋವಿ ತೆರೆದಿದ್ದರೆ ಹಿತ್ತಾಳೆಯ ಚೂರು ನಿಮ್ಮ ಮುಖಕ್ಕೇ ಬರುತ್ತದೆ. ಕೋವಿಯ ಬಾಯಿ ಜನವಿಲ್ಲದ ಕಡೆಗಿರಲಿ, ಕನಿಷ್ಠ 30 ಸೆಕೆಂಡು ಅಲುಗಾಡದೆ ನಿಲ್ಲಿ. ನಾನು ಪೂರ್ತಿ ಒಂದು ನಿಮಿಷ ನಿಲ್ಲುತ್ತೇನೆ. ಎರಡನೆಯ ನಳಿಕೆಯ ಟ್ರಿಗರ್ ಮುಟ್ಟಬೇಡಿ. ಆಮೇಲೆ ಮುಖವನ್ನು ಪಕ್ಕಕ್ಕೆ ಸರಿಸಿ ನಿಧಾನವಾಗಿ ತೆರೆದು ಕೇಪಿನ ಗುಳಿಯನ್ನು ನೋಡಿ. ನಟ್ಟನಡುವೆ ಆಳವಾದ ಗುಳಿ ಬಿದ್ದಿದ್ದರೆ ಕೋವಿ ತನ್ನ ಕೆಲಸ ಮಾಡಿದೆ, ಕಾಡತೂಸು ತೇವ ಹಿಡಿದಿದೆ. ಗುಳಿ ತೆಳುವಾಗಿದ್ದರೆ ಅಥವಾ ಅಂಚಿಗೆ ಸರಿದಿದ್ದರೆ ಸ್ಪ್ರಿಂಗ್ ಸೋತಿರಬೇಕು, ಪಿನ್ ಸವೆದಿರಬೇಕು, ಇಲ್ಲವೇ ಠಾಣೆಯಲ್ಲಿ ತಿಂಗಳುಗಟ್ಟಲೆ ಕುಳಿತು ಒಳಗಿನ ಎಣ್ಣೆ ಗಟ್ಟಿಯಾಗಿರಬೇಕು. ಇದು ರಿಪೇರಿಯವರ ಕೆಲಸ. ಹಾರದ ಕಾಡತೂಸನ್ನು ಮತ್ತೆ ಹಾಕಿ ಹೊಡೆಯಬೇಡಿ.

ಇದಕ್ಕಿಂತ ಕೆಟ್ಟದ್ದು ‘ಪುಸ್’ ಎಂಬ ಮೆತ್ತನೆಯ ಸದ್ದು. ಮದ್ದು ಸರಿಯಾಗಿ ಉರಿಯದೆ ಮದ್ದಿಗೂ ಚರೆಗೂ ನಡುವೆ ಇರುವ ಅಡಕು ನಳಿಕೆಯ ಮಧ್ಯದಲ್ಲೇ ಕುಳಿತಿರಬಹುದು. ಅದರ ಹಿಂದೆ ಮತ್ತೊಂದು ಈಡು ಹಾರಿಸಿದರೆ ನಳಿಕೆ ಸೀಳುತ್ತದೆ, ಅದನ್ನು ಹಿಡಿದ ಎಡಗೈ ಹೋಗುತ್ತದೆ. ಸದ್ದಿನಲ್ಲಿ ಸ್ವಲ್ಪ ವ್ಯತ್ಯಾಸ ಕಂಡರೂ ಮೊದಲು ಅದೇ ರೀತಿ ಕಾಯಿರಿ. ಆಮೇಲೆ ಎರಡೂ ಕಡೆಯ ಕಾಡತೂಸು ತೆಗೆದು, ಹಿಂಬದಿಯಿಂದ ಬೆಳಕಿನತ್ತ ನಳಿಕೆಯೊಳಗೆ ಇಣುಕಿ ನೋಡಿ. ಹಂದಿ ಬೆಳೆ ತಿಂದುಹೋದರೂ ಚಿಂತೆಯಿಲ್ಲ, ಇದನ್ನು ನೋಡದೆ ಎರಡನೆಯ ಈಡು ಬೇಡವೇ ಬೇಡ.

ಒಳಗೆ ಕೂರದ್ದಕ್ಕೆ ಹಗಲಿನಲ್ಲಿ ಒಂದು ಪರೀಕ್ಷೆ ಮಾಡಿ. ಕೋವಿ ತೆರೆದೇ ಇರಲಿ. ಒಳ್ಳೆಯ ಕಾಡತೂಸು ತನ್ನ ಭಾರಕ್ಕೇ ಜಾರಿ ಒಳಗೆ ಕೂರಬೇಕು. ಹಳೆಯ ಕಾಗದದ ಕಾಡತೂಸು ಮಾತ್ರ ತಡೆದರೆ ಅದು ತೇವಕ್ಕೆ ಉಬ್ಬಿದೆ. ಹೊಸ ಪ್ಲಾಸ್ಟಿಕ್ಕಿನದೂ ತಡೆದರೆ ನಳಿಕೆಯಲ್ಲಿ ಕಾಡತೂಸು ಕೂರುವ ಗೂಡಿನೊಳಗೆ ತುಕ್ಕೋ ಹಳೆಯ ಕಿಟ್ಟವೋ ಇದೆ; ಹಿತ್ತಾಳೆ ಬ್ರಷ್‌ನಿಂದ ಉಜ್ಜಿ, ಎಣ್ಣೆ ಬಟ್ಟೆ ಆಡಿಸಿ, ಕೊನೆಗೆ ಒಣಬಟ್ಟೆಯಿಂದ ಒರೆಸಿ. ಎಣ್ಣೆಯ ಪಸೆ ಉಳಿದರೆ ಕೊಳವೆ ಗೋಡೆಯನ್ನು ಹಿಡಿಯದೆ ಪೆಟ್ಟೆಲ್ಲ ಹಿಂದಿನ ತಟ್ಟೆಗೆ ಬೀಳುತ್ತದೆ. ಉಬ್ಬಿದ್ದನ್ನು ಮರಳು ಕಾಗದದಿಂದ ಉಜ್ಜುವುದು, ತಾರಸಿಯ ಬಿಸಿಲಿನಲ್ಲಿ ಒಣಗಿಸುವುದು, ಎಣ್ಣೆ ಸವರಿ ತುರುಕುವುದು ನಮ್ಮ ಕಡೆ ನಡೆದೇ ಇದೆ. ಯಾವುದೂ ಬೇಡ. ಸವರಿದ ಎಣ್ಣೆ ಕೇಪಿನೊಳಕ್ಕೆ ಇಳಿದು ಅದನ್ನು ಕೆಡಿಸುತ್ತದೆ.

ಖಾಲಿ ಕೊಳವೆ ಸಿಕ್ಕಿಕೊಂಡದ್ದರ ಬಗ್ಗೆ ನನಗೆ ಬೇರೆಯೇ ಅನುಮಾನವಿದೆ. ನಿಮ್ಮ ಅಜ್ಜನ ಕೋವಿಯ ಗೂಡು ಎರಡೂವರೆ ಇಂಚಿನದು, ಅಂದರೆ 65 ಮಿ.ಮೀ. ಇರಬಹುದು, ಈಗ ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ 70 ಮಿ.ಮೀ. ಕಾಡತೂಸು. ಆ 70 ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ಕೊಳವೆಯ ಉದ್ದ. ಹೊಡೆಯುವ ಮೊದಲು ಬಾಯಿ ಮಡಿಚಿರುವುದರಿಂದ ಅದು ಗಿಡ್ಡವಾಗಿದ್ದು ಸಲೀಸಾಗಿ ಕೂರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಈಡು ಹಾರುವಾಗ ಬಾಯಿ ಮುಂದಿನ ಕಿರಿದಾದ ಜಾಗದಲ್ಲಿ ಬಿಚ್ಚಿಕೊಳ್ಳುತ್ತದೆ, ಒತ್ತಡ ಏರುತ್ತದೆ, ಕೊಳವೆ ಬಿಗಿಯುತ್ತದೆ. ತೆಗೆದ ಕೊಳವೆಯ ತುದಿ ಜಜ್ಜಿದಂತೆ, ಎಳೆ ಎಳೆಯಾಗಿ ಸೀಳಿದ್ದರೆ ಇದೇ ಕಾರಣ ಎಂದುಕೊಳ್ಳಿ. ನಳಿಕೆ ಬಿಚ್ಚಿ ತಳಭಾಗದಲ್ಲಿ ಕೆತ್ತಿರುವ ಅಳತೆಯನ್ನು ಓದಿ. ಅದು ಗೊತ್ತಾಗುವ ತನಕ ಆ ಕೋವಿ ಬಳಸಬೇಡಿ.

ಖಾಲಿ ಕೊಳವೆಯನ್ನು ನಳಿಕೆಯ ಬಾಯಿ ಕಡೆಯಿಂದ ಮರದ ಕೋಲು ಹಾಕಿ ಮೆಲ್ಲಗೆ ತಟ್ಟಿ ತೆಗೆಯಬಹುದು, ಪಕ್ಕದ ನಳಿಕೆ ಖಾಲಿ ಇದ್ದರೆ ಮಾತ್ರ. ಹಾರದ ಕಾಡತೂಸು ಸಿಕ್ಕಿಕೊಂಡಿದ್ದರೆ ಕೋಲು ಹಾಕಲೇಬೇಡಿ. ಕೋವಿಯನ್ನು ತೆರೆದೇ ಇಟ್ಟು, ಠಾಣೆಗೆ ತಿಳಿಸಿ, ರಿಪೇರಿಯವರನ್ನು ಕರೆಸಿ.

ಕಾಡತೂಸಿನ ಡಬ್ಬಿ ಯೂರಿಯಾ ಚೀಲದ ಕೋಣೆಯಲ್ಲಿದೆ ಎಂದು ಬರೆದಿದ್ದೀರಿ. ಇವತ್ತೇ ಅಲ್ಲಿಂದ ತೆಗೆಯಿರಿ, ಕೊಟ್ಟಿಗೆಯ ಪಕ್ಕವೂ ಬೇಡ. ಬ್ರಿಟಿಷರ ಕಾಲದಲ್ಲಿ ಸೈನ್ಯದ ಹಿತ್ತಾಳೆ ಕಾಡತೂಸುಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಾಗ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆ ಮೂತ್ರದಿಂದ ಏಳುವ ಅಮೋನಿಯಾವೇ ಕಾರಣ ಎಂದು ವಿಜ್ಞಾನಿಗಳು 1921ರಲ್ಲಿ ವಿವರಿಸಿದರು. ಯೂರಿಯಾದಿಂದಲೂ ಕೊಟ್ಟಿಗೆಯಿಂದಲೂ ಬರುವುದು ಅದೇ ಅನಿಲ. ಗಾಳಿಯಾಡದ ಡಬ್ಬಿಯಲ್ಲಿ, ಒಣ ಕೋಣೆಯಲ್ಲಿ, ಬೀಗ ಹಾಕಿ ಇಡಿ.

ಕೆಟ್ಟ ಕಾಡತೂಸುಗಳನ್ನು ಬಾವಿಗೋ ಒಲೆಗೋ ಹಾಕಬೇಡಿ, ಪರವಾನಗಿ ಪಡೆದ ಅಂಗಡಿಗೆ ಅಥವಾ ಠಾಣೆಗೆ ಕೊಟ್ಟು ಬರೆಸಿಕೊಳ್ಳಿ. ಕೇಪಿನ ಗುಳಿಯ ಚಿತ್ರ ಮತ್ತು ನಳಿಕೆ ಮೇಲಿನ ಅಳತೆಯನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.