ಅಯೋಡಿನ್ ಕುಡಿದವರ ಡೈಪರ್ ಎಲ್ಲಿ ಹಾಕಬೇಕು?

ಪ್ರಶ್ನೆ: ಥೈರಾಯ್ಡ್ ಕ್ಯಾನ್ಸರಿಗೆ ಅವ್ವನಿಗೆ ಬೆಂಗಳೂರಿನಲ್ಲಿ ವಿಕಿರಣ ಸೂಸುವ ಔಷಧ ಅಯೋಡಿನ್-131 ಕೊಟ್ಟು ನಾಲ್ಕನೇ ದಿನ ಮನೆಗೆ ಕಳಿಸಿದ್ದಾರೆ. ಡೈಪರ್ ಕಟ್ಟುತ್ತೇವೆ. ಕಸದ ಗಾಡಿಗೆ ಕೊಡಬಹುದೇ? ಇಲ್ಲಿನ ನರ್ಸಿಂಗ್ ಹೋಮಿನ ಹಳದಿ ಚೀಲಕ್ಕೆ ಹಾಕಲೇ?
— ಓದುಗರು, ಸಿಂಧನೂರು

ಉತ್ತರ: ಹಳದಿ ಚೀಲಕ್ಕಂತೂ ಬೇಡ. ಅದು ಹೋಗುವುದು ಸುಡುವ ಒಲೆಗೆ. ಸುಟ್ಟರೆ ಅಯೋಡಿನ್ ಹೊಗೆಯ ಜೊತೆ ಗಾಳಿಗೆ ಸೇರುತ್ತದೆ. ಹಿತ್ತಲಲ್ಲಿ ಸುಡುವುದೂ ಅದಕ್ಕೇ ತಪ್ಪು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ವಿಕಿರಣಶೀಲ ಕಸವನ್ನು ಹೊರಗಿಟ್ಟಿವೆ. ಅದಕ್ಕೆಂದೇ 1987ರ ಬೇರೆ ನಿಯಮಗಳಿವೆ, ಮೇಲ್ವಿಚಾರಣೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು.

ಗಾಬರಿಯೂ ಬೇಡ. ಕುಡಿದ ಅಯೋಡಿನ್‌ನಲ್ಲಿ ಬಹುಪಾಲು ಮೊದಲ ಎರಡು ದಿನದಲ್ಲೇ ಮೂತ್ರದಲ್ಲಿ ಹೋಗಿ, ಆಸ್ಪತ್ರೆಯ ಪ್ರತ್ಯೇಕ ಟ್ಯಾಂಕಿನಲ್ಲಿ ಕೂತಿರುತ್ತದೆ. ಮಿಕ್ಕದ್ದೂ ಪ್ರತಿ 8 ದಿನಕ್ಕೆ ಅರ್ಧವಾಗುತ್ತ, 80 ದಿನಕ್ಕೆ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಡಿಸ್ಚಾರ್ಜ್ ಚೀಟಿ ಹಿಡಿದು ಆಸ್ಪತ್ರೆಯ ವಿಕಿರಣ ಸುರಕ್ಷತಾ ಅಧಿಕಾರಿಗೆ ಫೋನ್ ಮಾಡಿ. ಡೈಪರ್ ಎಷ್ಟು ದಿನ ಕೂಡಿಡಬೇಕು, ಕಸದ ಗಾಡಿಗೆ ಯಾವಾಗ ಕೊಡಬಹುದು ಎಂಬುದಕ್ಕೆ ಅವರ ಮಾತೇ ಅಂತಿಮ. ಕೂಡಿಡಿ ಎಂದರೆ ಕೈಗವಸು ಹಾಕಿಕೊಂಡು ಒಂದರೊಳಗೊಂದು ಎರಡು ದಪ್ಪ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ, ಮೇಲೆ ತಾರೀಕು ಬರೆಯಿರಿ. ಗಟ್ಟಿ ಮುಚ್ಚಳದ ಡ್ರಮ್ಮಿನಲ್ಲಿ, ಜನ ಕೂರುವ, ಮಲಗುವ ಕಡೆಯಿಂದ ದೂರ ಇಡಿ. ನಮ್ಮ ಕಡೆ ಬಿಸಿಲಿಗೆ ಎರಡೇ ದಿನಕ್ಕೆ ನಾತ ಎದ್ದು ನಾಯಿ ಎಳೆದಾಡುತ್ತವೆ, ಮುಚ್ಚಳ ಸಡಿಲಿದ್ದರೆ ಇಷ್ಟು ಮಾಡಿದ್ದೂ ದಂಡ. ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ: ದಿನಾ ಹೊಸ ಚೀಲ ಸೇರಿಸುತ್ತ, ಎಣಿಕೆ ಮಾತ್ರ ಮೊದಲ ಚೀಲದಿಂದ ಹಿಡಿಯುತ್ತಾರೆ. ಡ್ರಮ್ ಒಟ್ಟಿಗೆ ಖಾಲಿ ಮಾಡುವುದಾದರೆ ಕೊನೆಯ ಚೀಲದ ತಾರೀಕಿನಿಂದ ಎಣಿಸಬೇಕು.

ಪ್ರಶ್ನೆ: ನಮ್ಮದು ಗುಜರಿ ಅಂಗಡಿ. ಹಳೆಯ ಎಕ್ಸ್‌ರೇ ಮಷೀನ್ ಬಂದಿದೆ. ಒಡೆದರೆ ವಿಕಿರಣ ಬರುತ್ತದೆಯೇ?
— ಓದುಗರು, ಬಳ್ಳಾರಿ

ಉತ್ತರ: ಇಲ್ಲ. ಕರೆಂಟ್ ಇಲ್ಲದಿದ್ದರೆ ಅದರಲ್ಲಿ ಎಕ್ಸ್‌ರೇ ಇಲ್ಲ. ಎಣ್ಣೆ, ಸೀಸದ ಬಗ್ಗೆ ಎಚ್ಚರವಿರಲಿ. ಮಷೀನನ್ನು ಬಳಕೆಯಿಂದ ತೆಗೆದದ್ದನ್ನು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ಆ ಕಾಗದ ಕೇಳಿ ಪಡೆಯಿರಿ.

ಹೆದರಬೇಕಾದದ್ದು ಬೇರೆ: ಗಾತ್ರಕ್ಕೆ ಮೀರಿದ ಭಾರದ ಸೀಸದ ಗಡಿಗೆ, ಮೇಲೆ ಮೂರು ರೆಕ್ಕೆಯ ಫ್ಯಾನಿನಂಥ ಗುರುತು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ಹರಾಜಿನಿಂದ ಬಂದ ಯಂತ್ರ ಬಿಚ್ಚಿದಾಗ ಒಳಗಿದ್ದದ್ದು ವಿಕಿರಣ ಸೂಸುವ ಲೋಹ ಕೋಬಾಲ್ಟ್-60. ಒಬ್ಬ ಕಾರ್ಮಿಕ ಸತ್ತ. ಅದು ಅರ್ಧವಾಗಲು 5 ವರ್ಷಕ್ಕೂ ಹೆಚ್ಚು ಬೇಕು, ಮೂಲೆಯಲ್ಲಿಟ್ಟು ಕಾದರೆ ತೀರುವ ಕಸವಲ್ಲ. ಕುಲುಮೆಗೆ ಬಿದ್ದರೆ ಉಕ್ಕಿನಲ್ಲೇ ಬೆರೆಯುತ್ತದೆ. ಗ್ಯಾಸ್ ಕಟರ್ ಕೆಳಗಿಟ್ಟು, ಜನರನ್ನು ದೂರ ಕಳಿಸಿ 112ಕ್ಕೆ ಫೋನ್ ಮಾಡಿ.