ಪ್ರತಿಕ್ರಿಯೆ: ಎರಡು ಸಿಎಸ್‌ವಿ ಕಡತಗಳ ಹೋಲಿಕೆ

ತೀರ್ಥಹಳ್ಳಿಯ ಅಡಿಕೆ ದಾಸ್ತಾನಿನ ಎರಡು ಸಿಎಸ್‌ವಿ ಕಡತಗಳನ್ನು (ಅಂಕಣಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಕಡತಗಳು), ಕಡತಗಳ ವ್ಯತ್ಯಾಸ ತೋರಿಸುವ ಡಿಫ್ ಆಜ್ಞೆಯಿಂದ ಹೋಲಿಸಿದರೆ ಬಹುತೇಕ ಎಲ್ಲ ಸಾಲುಗಳೂ ಬೇರೆಯೆಂದೇ ಏಕೆ ತೋರುತ್ತವೆ ಎಂದು ತಾವು ಕೇಳಿದ್ದೀರಿ. ಡಿಫ್ ಸಾಲುಗಳನ್ನು ಅವು ಇರುವ ಕ್ರಮದಲ್ಲೇ ನೋಡುತ್ತದೆ. ತಮ್ಮ ಒಂದು ಕಡತ ದಿನಾಂಕದ ಪ್ರಕಾರವೂ ಇನ್ನೊಂದು ಬೆಳೆಗಾರರ ಹೆಸರಿನ ಪ್ರಕಾರವೂ ಜೋಡಣೆಯಾಗಿರುವುದರಿಂದ ಒಂದೇ ರಸೀದಿಯ ಸಾಲುಗಳು ಬೇರೆ ಬೇರೆ ಜಾಗದಲ್ಲಿವೆ. ಪೈಥಾನಿನ ಸಿಎಸ್‌ವಿ ಮಾಡ್ಯೂಲಿನ ಡಿಕ್ಟ್‌ರೀಡರ್ (ಪ್ರತಿ ಸಾಲನ್ನೂ ಅಂಕಣದ ಹೆಸರುಗಳೊಂದಿಗೆ ಓದಿಕೊಡುವ ಸಾಧನ) ಬಳಸಿ, ರಸೀದಿ ಸಂಖ್ಯೆಯನ್ನೇ ಕೀಲಿಯಾಗಿಟ್ಟು ಎರಡನ್ನೂ ಡಿಕ್ಷನರಿಗಳಿಗೆ (ಕೀಲಿಯಿಂದ ಮಾಹಿತಿ ಹುಡುಕುವ ಪಟ್ಟಿಗಳಿಗೆ) ತುಂಬಿಕೊಳ್ಳಿ; ಒಂದರ ಕೀಲಿಗಳಿಂದ ಇನ್ನೊಂದರ ಕೀಲಿಗಳನ್ನು ಕಳೆದರೆ ಬಿಟ್ಟುಹೋದ ರಸೀದಿಗಳು ಸಿಗುತ್ತವೆ, ಎರಡರಲ್ಲೂ ಇರುವವುಗಳಿಗೆ ಮಾತ್ರ ಅಂಕಣವಾರು ಹೋಲಿಕೆ ಮಾಡಿದರೆ ಸಾಕು. ಒಂದೇ ಸಂಖ್ಯೆ ಎರಡು ಸಲ ಬಂದಿದ್ದರೆ ಮೊದಲಿನ ಸಾಲು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಹಾಗೆ ಸಂಖ್ಯೆ ಮರುಕಳಿಸಿದೆಯೇ ಎಂದು ತುಂಬುವಾಗಲೇ ಪರೀಕ್ಷಿಸಿ.

ತಮ್ಮ ಮಾದರಿಯಲ್ಲಿ ಅಡಿಕೆಯ ಬಗೆಗಳಾದ ‘ರಾಶಿ’, ‘ಬೆಟ್ಟೆ’ ಎರಡೂ ಕಡತಗಳಲ್ಲಿ ಸರಿಹೊಂದಿ ‘ಗೊರಬಲು’ ಮಾತ್ರ ತಪ್ಪುತ್ತಿರುವುದಕ್ಕೆ ಕಾರಣ, ನನ್ನ ಅಂದಾಜಿನಲ್ಲಿ, ‘ಗೊ’ ಅಕ್ಷರ. ಅಕ್ಷರಗಳಿಗೆ ಸಂಕೇತ ನೀಡುವ ಯೂನಿಕೋಡಿನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಲು ಸಾಧ್ಯ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಅಲ್ಲ. ಹೋಲಿಸುವ ಮೊದಲು ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಮೂಲಕ ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಜೋಡಿಗಳು ಒಂದೇ ಸಂಕೇತವಾಗುವ ರೂಪಕ್ಕೆ, ತನ್ನಿ. ತೂಕದ ಅಂಕಣವನ್ನು ಪಠ್ಯದಿಂದ ಪೈಥಾನಿನ ದಶಮಾಂಶ ಸಂಖ್ಯೆಯ ಬಗೆಯಾದ ಡೆಸಿಮಲ್‌ಗೆ ಬದಲಿಸಿಕೊಂಡರೆ 65.5 ಮತ್ತು 65.50 ಬೇರೆಯೆಂಬ ಸುಳ್ಳು ವ್ಯತ್ಯಾಸವೂ ತಪ್ಪುತ್ತದೆ.